ಬಾಗಿಲ ಬಳಿಯ ಹಸಿರು ಚೆಂಡು

ಕಳೆದ ಕಾರ್ತಿಕ ಮಾಸದಲ್ಲಿ ಒಂದು ಸಂಜೆ ಕೊಳ್ಳೇಗಾಲದಿಂದ ಅವ್ವನ ಫೋನ್ ಬಂತು. ಆಫೀಸಲ್ಲಿ ಮೀಟಿಂಗ್ ನಡೀತಿತ್ತು, ಕಟ್ ಮಾಡಿದೆ. ಮತ್ತೆ ಬಂತು. ಅವ್ವ ಎರಡು ಸಲ ಸುಮ್ನೆ ಫೋನ್ ಮಾಡೋಳಲ್ಲ. ಹೊರಗೆ ಬಂದು ಎತ್ತಿದೆ.

"ಗಾಬ್ರಿ ಆಗ್ಬ್ಯಾಡ ಮಗ. ನೀನ್ ಕಳ್ಸಿದ್ ಗಿಡ ಸುಟ್ಟೋಯ್ತು ಕಣವ್ವ. ನಂಗೇನೂ ಆಗಿಲ್ಲ."

ಯಾವ ಗಿಡ ಅಂತ ಅರ್ಥ ಆಗೋಕೆ ಒಂದು ನಿಮಿಷ ಬೇಕಾಯ್ತು. ಯಾಕಂದ್ರೆ ನಾನು ಕಳಿಸಿದ್ದು ಗಿಡವೇ ಅಲ್ಲ. ಅದಕ್ಕೆ ಆರು ತಿಂಗಳ ಹಿಂದೆ, ಯುಗಾದಿಗೆ ಮನೆಗೆ ಸುಣ್ಣಬಣ್ಣ ಮಾಡಿಸಿದ ಖುಷಿಯಲ್ಲಿ, ರಾತ್ರಿ ಹನ್ನೊಂದಕ್ಕೆ ಫೋನ್‌ನಲ್ಲಿ ನೋಡಿ ಆರ್ಡರ್ ಮಾಡಿದ ಒಂದು ಜೊತೆ ಪ್ಲಾಸ್ಟಿಕ್ ಟೋಪಿಯರಿ ಅದು. ಬಿಳಿ ಕುಂಡದಲ್ಲಿ ಒಂದು ಕಾಂಡ, ಅದರ ಮೇಲೆ ದುಂಡಗೆ ಹಸಿರು ಚೆಂಡು. ಫೋಟೋದಲ್ಲಿ ಅದ್ಭುತವಾಗಿತ್ತು. ಪೆಟ್ಟಿಗೆ ಬಿಚ್ಚಿದ ದಿನ ಅವ್ವ ಕೇಳಿದ್ದು ಎರಡೇ ಪ್ರಶ್ನೆ.

"ಇದ್ಕೆ ನೀರ್ ಹಾಕ್ಬೇಕಾ?"

"ಬ್ಯಾಡ ಕಣವ್ವ."

"ಮತ್ತ್ಯಾಕೆ ಇದು?"

ನಾನು ನಕ್ಕೆ. ಅವ್ವ ಎರಡನ್ನೂ ಹೊಸಿಲಿನ ಆಚೆ ಈಚೆ ಮಡಗಿದಳು. ಮಗಳು ದುಡ್ಡು ಕೊಟ್ಟು ತಂದಿದ್ದಾಳಲ್ಲ!

ಆ ಸಂಜೆ ನಡೆದದ್ದು ಇಷ್ಟೆ. ಕಾರ್ತಿಕದಲ್ಲಿ ದಿನಾ ಇಡುವ ಹಾಗೆ ಅವ್ವ ಹೊಸಿಲ ಬಳಿ ಹಣತೆ ಹಚ್ಚಿಟ್ಟು ಒಳಗೆ ಹೋಗಿದ್ದಾಳೆ. ಗಾಳಿಗೆ ಹಗುರವಾದ ಕುಂಡ ವಾಲಿದೆ. ಎಲೆ ದೀಪಕ್ಕೆ ತಾಗಿದೆ. ಪ್ಲಾಸ್ಟಿಕ್ ಕರಗಿ ಉರಿಯುತ್ತಾ ತೊಟ್ಟಿಕ್ಕಿದೆ. ಒಂದು ಮೊಳ ದೂರದಲ್ಲಿ ಬಾಗಿಲ ಪರದೆ. ಎದುರು ಮನೆಯವರು ನೋಡಿ, ಓಡಿ ಬಂದು, ಒದ್ದೆ ಗೋಣಿಚೀಲ ಹಾಕಿದ್ದರಿಂದ ಅಲ್ಲಿಗೇ ನಿಂತಿತು. ಉಳಿದದ್ದು ಹೊಸಿಲ ಮೇಲೆ ಒಂದು ಕಪ್ಪು ಕಲೆ, ಮನೆ ತುಂಬ ಮೂರು ದಿನ ಹೋಗದ ವಾಸನೆ.

"ನಾನೇ ನೋಡ್ಕೋಬೇಕಿತ್ತು" ಅಂದಳು ಅವ್ವ. ಅಲ್ಲ. ಅವ್ವನ ದೀಪ ಆ ಜಾಗದಲ್ಲಿ ನಲವತ್ತು ವರ್ಷದಿಂದ ಇದೆ. ಚೆಂಡು ಬಂದಿದ್ದು ಆರು ತಿಂಗಳ ಹಿಂದೆ. ಆ ಮನೆಯಲ್ಲಿ ದಿನಾ ಏನು ನಡೆಯುತ್ತೆ ಅಂತ ಯೋಚಿಸದೆ ಅಲಂಕಾರ ಕಳಿಸಿದ್ದು ನಾನು.

ಆಮೇಲೆ ಈ ವಿಷಯಕ್ಕೆ ಸ್ವಲ್ಪ ತಲೆ ಕೆಡಿಸಿಕೊಂಡೆ. ನರ್ಸರಿಗಳಲ್ಲಿ ಕೇಳಿದೆ, ಹನೂರು ಕಡೆಯ ಬಾವನನ್ನು ಕೇಳಿದೆ, ಯಳಂದೂರಿನ ಚಿಕ್ಕವ್ವನ ಹಿತ್ತಲಲ್ಲಿ ಕೂತು ನೋಡಿದೆ. ನಿಮಗೂ ಊರಲ್ಲಿ ಅಪ್ಪ ಅಮ್ಮ ಇದ್ದರೆ, ಇಲ್ಲಿ ಬಾಡಿಗೆ ಮನೆ ಬಾಲ್ಕನಿ ಇದ್ದರೆ, ಉಪಯೋಗಕ್ಕೆ ಬರಬಹುದು.

ಇದು ಎಲ್ಲಿಂದ ಬಂತು?

ಗಿಡವನ್ನು ಕತ್ತರಿಸಿ, ಬಗ್ಗಿಸಿ, ಗೋಳ, ಗೋಪುರ, ನವಿಲು, ಆನೆ ಮಾಡೋದೇ ಟೋಪಿಯರಿ. ಹಳೇ ರೋಮ್‌ನಲ್ಲಿ ತೋಟ ಅಲಂಕರಿಸುವ ಮಾಲಿಗೆ ಲ್ಯಾಟಿನ್‌ನಲ್ಲಿ 'ಟೋಪಿಯಾರಿಯಸ್' ಅಂತಿದ್ದರು, ಹೆಸರು ಅಲ್ಲಿಂದ ಬಂತು. ಇಂಗ್ಲೆಂಡಿನ ಲೆವೆನ್ಸ್ ಹಾಲ್ ಅನ್ನೋ ಬಂಗಲೆಯ ತೋಟದಲ್ಲಿ 1690ರ ದಶಕದಲ್ಲಿ ಶುರುವಾದ ಟೋಪಿಯರಿ ಇವತ್ತಿಗೂ ಇದೆ. ಅಷ್ಟು ದೂರ ಯಾಕೆ, ಚಿಕ್ಕಂದಿನಲ್ಲಿ ಸ್ಕೂಲ್ ಟ್ರಿಪ್‌ನಲ್ಲಿ ಕೆಆರ್‌ಎಸ್ ಬೃಂದಾವನಕ್ಕೆ ಹೋದವರೆಲ್ಲ ಗಿಡದಲ್ಲೇ ಮಾಡಿದ ಪ್ರಾಣಿಗಳನ್ನ ನೋಡಿರ್ತೀರಿ.

ಅಲ್ಲೆಲ್ಲ ಒಂದು ಸಂಗತಿ ಮಾತ್ರ ನಮ್ಮ ಕಣ್ಣಿಗೆ ಬೀಳಲ್ಲ, ಅದು ಕತ್ತರಿ ಹಿಡಿದ ಕೈ. ಬೆಳೆಯೋ ಕಾಲದಲ್ಲಿ ಒಂದು ತಿಂಗಳು ಬಿಟ್ಟರೆ ಆನೆಗೆ ಗಡ್ಡ ಬರುತ್ತೆ. ಮೂರು ತಿಂಗಳು ಬಿಟ್ಟರೆ ಆನೆ ಮತ್ತೆ ಪೊದೆ.

ನಿಜವಾದ ಗಿಡವೇ ಬೇಕು ಅಂದ್ರೆ

ವಿದೇಶದ ಫೋಟೋಗಳಲ್ಲಿ ಕಾಣೋದು ಹೆಚ್ಚಾಗಿ ಬಾಕ್ಸ್‌ವುಡ್. ತಂಪು ಪ್ರದೇಶದ ಗಿಡ ಅದು. ಕೊಳ್ಳೇಗಾಲ, ಹನೂರಿನ ಬೇಸಿಗೆಗೆ ಒಗ್ಗೋದು ಕಷ್ಟ. ನಮ್ಮ ನರ್ಸರಿಗಳಲ್ಲೇ ಸಿಗೋ ನಾಲ್ಕು ಗಿಡ ಹೇಳ್ತೀನಿ.

ಗೋಲ್ಡನ್ ಡುರಾಂಟ: ಬೇಗ ಬೆಳೆಯುತ್ತೆ, ಎಷ್ಟು ಕತ್ತರಿಸಿದರೂ ಚಿಗುರುತ್ತೆ. ಬಿಸಿಲು ಬೇಕೇ ಬೇಕು, ನೆರಳಲ್ಲಿ ಆ ಚಿನ್ನದ ಬಣ್ಣ ಹೋಗಿ ಬರೀ ಹಸಿರಾಗುತ್ತೆ. ಇದರ ಹಣ್ಣು ವಿಷ. ಅಂಬೆಗಾಲಿಡೋ ಮಕ್ಕಳಿರೋ ಮನೆಗೆ ಬೇಡ.

ಕಾಮಿನಿ: ಕರಿಬೇವಿನ ಕುಟುಂಬದ್ದೇ. ಎಲೆ ಚಿಕ್ಕದು, ದಟ್ಟ, ಹೂವಿಗೆ ಒಳ್ಳೇ ಪರಿಮಳ. ಪದೇ ಪದೇ ಕತ್ತರಿಸಿದರೆ ಹೂವು ಕಮ್ಮಿ. ಆಕಾರ ಬೇಕೋ, ಪರಿಮಳ ಬೇಕೋ, ನೀವೇ ತೀರ್ಮಾನ ಮಾಡಿ.

ಫೈಕಸ್: ಅರೆನೆರಳಲ್ಲೂ ಬದುಕುತ್ತೆ. ಜಾಗ ಬದಲಿಸಿದ ತಕ್ಷಣ ಮುನಿಸಿಕೊಂಡು ಎಲೆ ಉದುರಿಸುತ್ತೆ, ಹೆದರಬೇಡಿ. ಆದರೆ ಕುಂಡದಲ್ಲೇ ಇರಲಿ. ಗೋಡೆ ಪಕ್ಕ ನೆಲಕ್ಕೆ ಹಾಕಿದರೆ ಅದರ ಬೇರು ಪಾಯದ ವಿಷಯಕ್ಕೆ ಬರುತ್ತೆ.

ಥುಜಾ: ಹುಟ್ಟಿನಿಂದಲೇ ಗೋಪುರದ ಆಕಾರ, ಕತ್ತರಿ ಕೆಲಸ ಕಮ್ಮಿ. ಮೇಲುಮೇಲಿನ ಹಸಿರನ್ನ ಮಾತ್ರ ಸವರಬೇಕು. ಒಳಗಿನ ಕಂದು ಕಡ್ಡಿವರೆಗೂ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರಲ್ಲ, ಬೋಳು ಹಾಗೇ ಉಳಿಯುತ್ತೆ.

ಕಾಂಡದ ಮೇಲೆ ಚೆಂಡು ಬೇಕು ಅಂದ್ರೆ ನೆಟ್ಟಗಿರೋ ಒಂಟಿ ಕಾಂಡದ ಸಸಿ ಆರಿಸಿ, ಕೋಲು ಊರಿ ಸಡಿಲವಾಗಿ ಕಟ್ಟಿ. ಕೆಳಗಿನ ಅರ್ಧದ ಪಕ್ಕದ ಚಿಗುರನ್ನ ತೆಗೀತಾ ಬನ್ನಿ. ಬೇಕಾದ ಎತ್ತರ ಬಂದ ಮೇಲೆ ತುದಿ ಚಿವುಟಿ, ಆಗ ತಲೆ ಕವಲೊಡೆದು ದಟ್ಟವಾಗುತ್ತೆ. ಒಂದೆರಡು ವರ್ಷದ ಕೆಲಸ ಇದು, ಒಂದು ವೀಕೆಂಡಿನದಲ್ಲ.

ಹಿಪ್ಪುನೇರಳೆ ಕಲಿಸಿದ ಪಾಠ

ಕತ್ತರಿಸೋ ವಿದ್ಯೆಗೆ ನಾನು ವಿಡಿಯೋ ಹುಡುಕ್ತಾ ಇದ್ದೆ. ಹನೂರಿನ ಬಾವ ನಕ್ಕರು. "ರೇಷ್ಮೆ ಸೀಮೇಲಿ ಹುಟ್ಟಿ ಕಡ್ಡಿ ಕತ್ರಸೋಕೆ ಯೂಟ್ಯೂಬ್ ನೋಡ್ತಿಯಲ್ಲಮ್ಮ" ಅಂದರು. ನಿಜ. ನಮ್ಮ ಕಡೆ ಹಿಪ್ಪುನೇರಳೆ ತೋಟ ಇರೋರಿಗೆಲ್ಲ ಕತ್ತರಿ ಅಂದ್ರೆ ಹೊಸದಲ್ಲ. ಬುಡದವರೆಗೂ ಕತ್ತರಿಸಿ, ನೀರು ಗೊಬ್ಬರ ಕೊಟ್ಟು, ಹೊಸ ಚಿಗುರಿಂದ ಹುಳುವಿಗೆ ಸೊಪ್ಪು ತೆಗೆಯೋದೇ ಅವರ ಬದುಕು.

ಬಾವ ಹೇಳಿದ್ದು ಕುಂಡಕ್ಕೂ ಸರಿಹೊಂದುತ್ತೆ. ಕತ್ತರಿ ಹರಿತವಾಗಿರಲಿ, ಮೊಂಡಾಗಿದ್ದರೆ ಕಡ್ಡಿ ಸೀಳಿ ರೋಗ ಬರುತ್ತೆ. ಒಂದು ಗಿಡಕ್ಕೆ ರೋಗ ಇದ್ದರೆ ಕತ್ತರಿ ಒರೆಸದೆ ಇನ್ನೊಂದನ್ನ ಮುಟ್ಟಬೇಡಿ. ನಡುಮಧ್ಯಾಹ್ನ ಬೇಡ, ಬೆಳಿಗ್ಗೆ ಅಥವಾ ಸಂಜೆ ಮಾಡಿ. ಕತ್ತರಿಸಿದ ಮೇಲೆ ಗಿಡಕ್ಕೆ ಊಟ ಕೊಡಿ: ನೀರು, ಒಂದು ಹಿಡಿ ಕೊಟ್ಟಿಗೆ ಗೊಬ್ಬರ.

ಜೊತೆಗೆ ನರ್ಸರಿಯವರ ಎರಡು ಮಾತು. ಅಲಂಕಾರದ ಗಿಡವನ್ನ ಒಂದೇ ಸಲ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡಿ. ಮೇಲ್ಭಾಗ ಕೆಳಭಾಗಕ್ಕಿಂತ ಕೊಂಚ ಕಿರಿದಾಗಿರಲಿ, ಇಲ್ಲದಿದ್ದರೆ ಕೆಳಗಿನ ಎಲೆಗೆ ಬಿಸಿಲು ಸಿಗದೆ ಒಣಗುತ್ತೆ. ವಾರಕ್ಕೊಮ್ಮೆ ಕುಂಡವನ್ನ ಕಾಲು ಸುತ್ತು ತಿರುಗಿಸಿದರೆ ಗಿಡ ಒಂದೇ ಕಡೆ ವಾಲಲ್ಲ.

ಅಲಂಕಾರಕ್ಕೆ ಬಂದು ಕಾಡು ಸೇರಿದ್ದು

ಯಳಂದೂರಿನ ಚಿಕ್ಕವ್ವನ ಮನೆಯಿಂದ ಬಿಳಿಗಿರಿರಂಗನ ಬೆಟ್ಟ ಕಾಣುತ್ತೆ. ಬೆಟ್ಟಕ್ಕೆ ಹೋದವರು ರಸ್ತೆ ಪಕ್ಕ ಕೆಂಪು, ಹಳದಿ, ಗುಲಾಬಿ ಬಣ್ಣದ ಪುಟ್ಟ ಹೂಗೊಂಚಲಿನ ಲಂಟಾನ ಪೊದೆ ನೋಡೇ ಇರ್ತೀರಿ. ಸೆಲ್ಫಿಗೆ ಚೆನ್ನ. ಆದ್ರೆ ಅದು ನಮ್ಮ ಕಾಡಿನ ಗಿಡ ಅಲ್ಲ. ಮೂಲ ಅಮೆರಿಕ ಖಂಡ. 19ನೇ ಶತಮಾನದ ಆರಂಭದಲ್ಲಿ, ತೋಟಕ್ಕೆ ಚೆಂದ, ಬೇಲಿಗೆ ಅನುಕೂಲ ಅಂತ ಭಾರತಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಈಗ ಬಿಳಿಗಿರಿ ಬೆಟ್ಟದಲ್ಲೂ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲೂ ಅದು ಎಲ್ಲೆಲ್ಲೂ ಇದೆ. ಅದರ ಕೆಳಗೆ ಹುಲ್ಲು ಬೆಳೆಯಲ್ಲ, ದನ ತಿಂದರೆ ಕಾಯಿಲೆ ಬೀಳುತ್ತೆ, ಕಾಡಿನ ಉತ್ಪನ್ನ ನಂಬಿದ ಸೋಲಿಗರಿಗೆ ನಡೆಯೋಕೂ ದಾರಿ ಇಲ್ಲ. ಹಿಂದೆ ತರಗಿಗೆ ಸಣ್ಣ ಬೆಂಕಿ ಹಾಕಿ ಕಾಡನ್ನ ನೋಡ್ಕೋತಿದ್ವಿ, ಅದು ನಿಂತ ಮೇಲೆ ಲಂಟಾನ ಹೆಚ್ಚಾಯ್ತು ಅಂತ ಸೋಲಿಗ ಹಿರಿಯರು ಹೇಳ್ತಾರೆ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಕೆಲವು ನರ್ಸರಿಗಳಲ್ಲಿ ಇವತ್ತಿಗೂ ಚೆಂದದ ಕುಂಡದಲ್ಲಿ ಲಂಟಾನ ಮಾರ್ತಾರೆ. ನಮ್ಮ ಮೂರೂ ತಾಲ್ಲೂಕಿಗೆ ಕಾಡು ಹತ್ತಿರ. ದಯವಿಟ್ಟು ಅದನ್ನ ಮನೆಗೆ ತರಬೇಡಿ.

ಆದ್ರೆ ಅದೇ ಲಂಟಾನ ಒಣಗಿದ ಕಡ್ಡಿಯಾಗಿ ಬರೋದಾದ್ರೆ ಖಂಡಿತ ತನ್ನಿ! ಮಹದೇಶ್ವರ ಬೆಟ್ಟದ ಸೋಲಿಗರು 'ಏಟ್ರಿ' ಸಂಸ್ಥೆಯ ನೆರವಿನಿಂದ ಲಂಟಾನ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ, ಆಟಿಕೆ ಮಾಡೋದನ್ನ ಕಲಿತಿದ್ದಾರೆ. ಕಡ್ಡಿಯನ್ನ ನೀರಲ್ಲಿ ಕುದಿಸಿ, ಸಿಪ್ಪೆ ಸುಲಿದು, ಮೆದುವಾಗಿರುವಾಗಲೇ ಬಗ್ಗಿಸ್ತಾರೆ. 2024ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ನಿಜವಾದ ಗಾತ್ರದ ಲಂಟಾನ ಆನೆಗಳ ಹಿಂಡು ನಿಂತಿತ್ತು, ನೆನಪಿದೆಯಾ? ಸೋಲಿಗರೂ ನೀಲಗಿರಿಯ ಬೇರೆ ಬುಡಕಟ್ಟುಗಳವರೂ ಸೇರಿ ಮಾಡಿದ ಅಂಥ ಆನೆಗಳು ಅದೇ ವರ್ಷ ನ್ಯೂಯಾರ್ಕ್ ಬೀದಿವರೆಗೂ ಹೋದವು. ನೀರು ಬೇಡ, ಕತ್ತರಿ ಬೇಡ, ಕೊಂಡಷ್ಟೂ ಕಾಡಿಗೆ ಸ್ವಲ್ಪ ಉಸಿರು. ಕೃತಕ ಟೋಪಿಯರಿ ಅನ್ನೋದಾದ್ರೆ ಇದಕ್ಕೇ ಅನ್ನಬೇಕು. ಇದೂ ಕಟ್ಟಿಗೆಯೇ, ದೀಪದಿಂದ ದೂರ ಇಡಿ. ನೀವೇ ಕಾಡಿಗೆ ನುಗ್ಗಿ ಕಡ್ಡಿ ಕಡಿಯೋ ಸಾಹಸ ಮಾತ್ರ ಬೇಡ, ಅದು ಸಂರಕ್ಷಿತ ಕಾಡು.

ಪ್ಲಾಸ್ಟಿಕ್ಕೇ ಆಗಬೇಕು ಅಂದ್ರೆ

ಪ್ಲಾಸ್ಟಿಕ್ ತಂದವರನ್ನ ಬೈಯೋ ಹಕ್ಕು ನನಗಿಲ್ಲ. ಬೆಳಕೇ ಬರದ ಫ್ಲಾಟು, ತಿಂಗಳಲ್ಲಿ ಹದಿನೈದು ದಿನ ಟೂರ್, ಧೂಳು ಮಣ್ಣು ಆಗದ ಅಲರ್ಜಿ, ಎಲ್ಲಾ ನಿಜವಾದ ಕಾರಣಗಳೇ. ಆದರೆ ಗಮನಿಸಿ. ಬಿಸಿಲು ಬೀಳೋ ಜಾಗಕ್ಕಾದರೆ 'ಯುವಿ' ತಡೆಯೋ ಗುಣ ಇದೆಯಾ ಅಂತ ಕೇಳಿ. ನನ್ನದಕ್ಕೆ ಇರಲಿಲ್ಲ, ಎರಡೇ ತಿಂಗಳ ಬಿಸಿಲಿಗೆ ಒಂದು ಚೆಂಡು ನೀಲಿಗೆ ತಿರುಗಿ ಎಲೆ ಪುಡಿಯಾಗೋಕೆ ಶುರುವಾಗಿತ್ತು. ಕುಂಡದೊಳಗೆ ಕಲ್ಲು, ಮರಳು ತುಂಬಿ ಭಾರ ಮಾಡಿ. ಎರಡು ವಾರಕ್ಕೊಮ್ಮೆ ಧೂಳು ಒರೆಸಿ, ಆಗಾಗ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಆರಿಸಿ.

ಎಲ್ಲಕ್ಕಿಂತ ಮುಖ್ಯ: ದೀಪ, ಊದುಬತ್ತಿ, ಕರ್ಪೂರ, ಪಟಾಕಿ, ಒಲೆ ಇವುಗಳ ಹತ್ತಿರಕ್ಕೂ ಬೇಡ. ನಮ್ಮ ಮನೆಗಳಲ್ಲಿ ಹೊಸಿಲು, ದೇವರ ಕೋಣೆ, ತುಳಸಿಕಟ್ಟೆ ಅಂದ್ರೆ ಬೆಂಕಿ ಇರೋ ಜಾಗ. ಹಬ್ಬದ ದಿನ ಅಲ್ಲಿಗೆ ಬಾಳೆಕಂದು, ಮಾವಿನ ತೋರಣ ಕಟ್ಟೋದೇ ಸರಿ. ಹಸಿ ಸೊಪ್ಪಿಗೆ ಪ್ಲಾಸ್ಟಿಕ್ ಥರ ಕಿಡಿ ಹತ್ತಲ್ಲ.

ಕೊಳ್ಳೋ ಮುಂಚೆ ನಾನು ಈಗ ಮೂರು ಪ್ರಶ್ನೆ ಕೇಳ್ಕೋತೀನಿ. ಆ ಜಾಗದಲ್ಲಿ ಎಷ್ಟು ಬಿಸಿಲು? ಅಲ್ಲಿ ದಿನಾ ಏನು ನಡೆಯುತ್ತೆ? ನೀರು ಹಾಕೋರು, ಕತ್ತರಿಸೋರು, ಧೂಳು ಒರೆಸೋರು ಯಾರು? ಮೂರನೇದಕ್ಕೆ ಉತ್ತರ "ಅಮ್ಮ" ಅಂತ ಬಂದರೆ, ಮೊದಲು ಅಮ್ಮನಿಗೆ ಫೋನ್ ಮಾಡಿ.

ಸೈಕಲ್ ರಿಮ್ಮಿನ ಬಸಳೆ

ನಾನೂ ಫೋನ್ ಮಾಡಿದೆ. "ಬಾಗಿಲ ಹತ್ರ ಏನ್ ಇರ್ಲಿ ಅವ್ವ?" ಅಂದೆ. ಇಷ್ಟು ವರ್ಷದಲ್ಲಿ ಮನೆ ಅಲಂಕಾರದ ಬಗ್ಗೆ ಅವ್ವನನ್ನ ನಾನು ಕೇಳಿದ ಮೊದಲ ಪ್ರಶ್ನೆ ಅದು. ಅವ್ವನಿಗೆ ಮಂಡಿ ನೋವು, ಬಗ್ಗಿ ನೀರು ಹಾಕೋಕಾಗಲ್ಲ. ಅದನ್ನೂ ಅವತ್ತೇ ಸರಿಯಾಗಿ ಹೇಳಿದ್ದು.

ಊರಿಗೆ ಹೋದಾಗ ಅಟ್ಟದ ಮೇಲಿದ್ದ ನನ್ನ ಹಳೇ ಸೈಕಲ್ಲಿನ ರಿಮ್ ಇಳಿಸಿದೆ. ದೊಡ್ಡ ಸಿಮೆಂಟ್ ಕುಂಡದಲ್ಲಿ ಕಬ್ಬಿಣದ ಸರಳು ಊರಿ, ರಿಮ್ಮನ್ನ ತಂತಿಯಿಂದ ನೆಟ್ಟಗೆ ಕಟ್ಟಿದೆ. ಕುಂಡವನ್ನ ಜಗಲಿ ಮೇಲೆ, ಅವ್ವನ ಸೊಂಟದ ಎತ್ತರಕ್ಕೆ, ದೀಪದಿಂದ ದೂರ ಇಟ್ಟೆ. ಚಿಕ್ಕವ್ವ ಯಳಂದೂರಿಂದ ಬಸಳೆ ಕಡ್ಡಿ ಕಳಿಸಿದ್ದಳು. ಬಳ್ಳಿಯನ್ನ ರಿಮ್ಮಿನ ಸುತ್ತ ಸುತ್ತಿಸ್ತಾ ಬಂದರೆ ಸಾಕು, ಹಸಿರು ಬಳೆ ತಯಾರು. ಬಸಳೆಗೆ ಬಿಸಿಲು ಇಷ್ಟ, ನೀರು ಮಾತ್ರ ತಪ್ಪಬಾರದು. ಜಾಜಿ ಬಳ್ಳಿಯಲ್ಲೂ ಹೀಗೆ ಮಾಡಬಹುದು.

ಉಳಿದಿದ್ದ ಇನ್ನೊಂದು ಪ್ಲಾಸ್ಟಿಕ್ ಚೆಂಡು ಈಗ ಬೆಂಗಳೂರಿನ ನನ್ನ ಫ್ಲಾಟಿನಲ್ಲಿ, ಬಿಸಿಲೂ ದೀಪವೂ ಇಲ್ಲದ ಶೂ ಸ್ಟ್ಯಾಂಡ್ ಮೇಲಿದೆ. ಧೂಳು ಒರೆಸೋದು ನಾನೇ. ಅವ್ವನ ಹಣತೆ ಮತ್ತೆ ಅದರ ಜಾಗದಲ್ಲಿದೆ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಬಳ್ಳಿ ತೋರಿಸಿದಳು. ರಿಮ್ ಕಾಣದಷ್ಟು ದಟ್ಟವಾಗಿದೆ.

"ಕತ್ತರಿ ಕಳಿಸ್ಲಾ ಅವ್ವ? ಆಕಾರ ಕೆಡುತ್ತೆ" ಅಂದೆ.

"ಯಾಕವ್ವ? ವಾರಕ್ಕೊಂದಪ ಮಸ್ಸೊಪ್ಪಿಗೆ ಕುಯ್ಕತೀನಲ್ಲ" ಅಂದಳು.