ಹೃದಯ ಮಿಡಿದರೆ ಸಾಲದು, ಮೆದುಳೂ ಉಳಿಯಬೇಕು



ಗುಮ್ಮಘಟ್ಟದ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಎದೆನೋವು ಬಂದರೆ ರಾಯದುರ್ಗಕ್ಕೆ ಓಡಬೇಕು. ದೊಡ್ಡ ಚಿಕಿತ್ಸೆಗೆ ಅನಂತಪುರ, ಇಲ್ಲವೇ ಗಡಿಯಾಚೆಯ ಬಳ್ಳಾರಿ. ಹೃದಯ ನಿಂತೇ ಹೋದರೆ? ನಮ್ಮ ಕೈಯಲ್ಲಿರುವುದು ನಾಲ್ಕೈದು ನಿಮಿಷ ಮಾತ್ರ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಮನೆಮನೆಯಲ್ಲೂ ಹೃದಯದ ಮಾತೇ ನಡೆಯಿತು. ಆದರೆ ಮೆದುಳಿನ ಬಗ್ಗೆ ಮಾತಾಡಿದವರು ಕಡಿಮೆ. ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ಶೇ. 2 ಮಾತ್ರ. ಅದು ಬಳಸುವ ಆಮ್ಲಜನಕವೋ ಸುಮಾರು ಶೇ. 20. ಅದರಲ್ಲಿ ಉಳಿತಾಯದ ಗಂಟೇ ಇಲ್ಲ. ರಕ್ತ ನಿಂತ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕೈದು ನಿಮಿಷದಲ್ಲಿ ಮೆದುಳಿನ ಜೀವಕೋಶಗಳು ಕೆಡತೊಡಗುತ್ತವೆ.

ಕುಸಿದು ಬಿದ್ದವರನ್ನು ಭುಜ ಅಲುಗಿಸಿ ಕೂಗಿ. ಉತ್ತರವಿಲ್ಲ, ಉಸಿರೂ ಸರಿಯಾಗಿಲ್ಲ ಎಂದರೆ ತಡಮಾಡಬೇಡಿ. ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಎಳೆಯುವುದು ಉಸಿರಲ್ಲ. ಬಾಯಿಗೆ ನೀರು ಬಿಡುವುದು, ಈರುಳ್ಳಿ ಮೂಸಿಸುವುದು, ಎಬ್ಬಿಸಿ ಕೂರಿಸುವುದು ಬೇಡ. ಒಬ್ಬರು 108ಕ್ಕೆ ಫೋನ್ ಮಾಡಲಿ. ಗಡಿಯ ಎರಡೂ ಕಡೆ ಅದೇ ಸಂಖ್ಯೆ. ಇನ್ನೊಬ್ಬರು ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಕೈಯ ಮೇಲೆ ಕೈಯಿಟ್ಟು ಒತ್ತಲಿ: ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ. ದಣಿದರೆ ಮತ್ತೊಬ್ಬರು ಮುಂದುವರಿಸಲಿ. ಈ ಒತ್ತುವಿಕೆಯೇ ಅಷ್ಟಿಷ್ಟು ರಕ್ತವನ್ನು ಮೆದುಳಿಗೆ ತಲುಪಿಸುತ್ತದೆ.

ಹೃದಯ ಮತ್ತೆ ಮಿಡಿಯಿತೆಂದರೆ ಅಪಾಯ ಕಳೆಯಿತು ಎಂದುಕೊಳ್ಳುತ್ತೇವೆ. ಈ ಸತ್ಯ ಡಾಕ್ಟರ್ ಪೀಟರ್ ಸಫಾರ್ ಅವರಿಗೆ ತಮ್ಮ ಮನೆಯಲ್ಲೇ ಎದುರಾಯಿತು. ಬಾಯಿಂದ ಬಾಯಿಗೆ ಉಸಿರು ಕೊಡುವ ವಿಧಾನವನ್ನು ಜಗತ್ತಿಗೆ ಕಲಿಸಿದವರಲ್ಲಿ ಅವರು ಪ್ರಮುಖರು. 1966ರಲ್ಲಿ ಅವರ ಪುಟ್ಟ ಮಗಳು ಅಸ್ತಮಾದಿಂದ ಕುಸಿದಳು. ಹೃದಯ ಮತ್ತೆ ಮಿಡಿಯಿತು, ಮೆದುಳು ಉಳಿಯಲಿಲ್ಲ. ಆಮೇಲೆ ಮೆದುಳನ್ನು ಉಳಿಸುವ ದಾರಿ ಹುಡುಕುವುದೇ ಅವರ ಬಾಳಿನ ಕೆಲಸವಾಯಿತು.

ರಕ್ತ ಮರಳಿ ಹರಿದಾಗಲೂ ಬಳಲಿದ ಮೆದುಳು ಊದಿಕೊಳ್ಳಬಹುದು, ಫಿಟ್ಸ್ ಬರಬಹುದು. ಜ್ವರ ಬಂದರೆ ಹಾನಿ ಹೆಚ್ಚು. 2002ರಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಾದ ಅಧ್ಯಯನಗಳು ದೇಹವನ್ನು 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಂಪುಮಾಡಿದರೆ ಲಾಭವೆಂದವು. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹಾಗೆ ತಂಪುಮಾಡಿದವರಿಗೂ ಜ್ವರ ಬಾರದಂತೆ ನೋಡಿಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಈಗ ಜ್ವರ ತಡೆಯುವುದಕ್ಕೇ ಒತ್ತು. ಜೊತೆಗೆ ರಕ್ತದೊತ್ತಡ, ಆಮ್ಲಜನಕ, ಸಕ್ಕರೆ ಹದದಲ್ಲಿರಬೇಕು. ಮನೆಯಲ್ಲಿ ಐಸ್ ಇಡುವ ಪ್ರಯೋಗ ಬೇಡ; ಇದೆಲ್ಲ ಐಸಿಯುವಿನ ಕೆಲಸ.

ಐಸಿಯುವಿನ ಹೊರಗೆ ಕೂತ ಮನೆಯವರಿಗೆ ಅತಿ ಕಷ್ಟದ ಪ್ರಶ್ನೆ, "ಎಚ್ಚರ ಆಗುತ್ತಾ?" ಎಂಬುದು. ಮೊದಲ ದಿನ ಕಣ್ಣು ಬಿಡಲಿಲ್ಲವೆಂದು ಆಸೆ ಬಿಡಬೇಕಿಲ್ಲ. ನಿದ್ರೆಯ ಮದ್ದೂ ಕಾರಣವಿರಬಹುದು. ಸಾಮಾನ್ಯವಾಗಿ ಕನಿಷ್ಠ 72 ಗಂಟೆ ಕಾದು, ಒಂದೇ ಪರೀಕ್ಷೆಯನ್ನು ನೆಚ್ಚದೆ ವೈದ್ಯರು ಅಂದಾಜು ಹೇಳುತ್ತಾರೆ. ಎಚ್ಚರವಾದ ಮೇಲೂ ಮರೆವು, ಬೇಗ ಸಿಟ್ಟು, ಸುಸ್ತು ತಿಂಗಳುಗಟ್ಟಲೆ ಇರಬಹುದು. ಅದು ಹಟವಲ್ಲ, ಗಾಯಗೊಂಡ ಮೆದುಳಿನ ನೋವು. ಮನೆಯವರು ತಾಳ್ಮೆಯಿಂದಿರಬೇಕು.

ಎದೆ ಒತ್ತುವುದನ್ನು ಓದಿ ಕಲಿಯಲಾಗದು, ಕೈಯಿಂದ ಮಾಡಿ ಕಲಿಯಬೇಕು. ಒಂದು ಭಾನುವಾರ ಬಲಿಪೂಜೆಯ ನಂತರ ವೈದ್ಯರನ್ನೋ ನರ್ಸ್ ಅವರನ್ನೋ ಕರೆಸಿ, ಧರ್ಮಕೇಂದ್ರದ ಯುವಕ ಯುವತಿಯರೆಲ್ಲ ಕಲಿಯೋಣ. ಆ ನಾಲ್ಕೈದು ನಿಮಿಷ ಮನೆಯವರ, ನೆರೆಯವರ ಕೈಯಲ್ಲೇ ಇರುತ್ತದೆ.