ಕಣ್ಣಿಗೆ ಕಾಣದ ಗಾಯ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ದೀಪಾವಳಿಯೆಂದರೆ ಹೋರಿ ಬೆದರಿಸುವ ಸಂಭ್ರಮ, ಪಟಾಕಿಗಳ ಆರ್ಭಟ. ಸೇನೆಯಿಂದ ನಿವೃತ್ತನಾದವನೊಬ್ಬನು ಆ ಸದ್ದಿಗೆ ಬೆವೆತು ಮನೆಯೊಳಗೆ ಸೇರಿದರೆ, ‘ಇವನೆಂಥ ಸಿಪಾಯಿ!’ ಎಂದು ನಗುವುದು ಅಜ್ಞಾನವೆಂದೇ ನಮ್ಮ ಅಭಿಪ್ರಾಯ.

ಅಪಾಯ ಎದುರಾದಾಗ ಮಿದುಳಿನ ಅಮಿಗ್ಡಲವೆಂಬ ಭಾಗವು ಎಚ್ಚರಿಕೆ ನೀಡುತ್ತದೆ; ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ. ಅಪಾಯ ಕಳೆದ ಮೇಲೆ ಇದೆಲ್ಲವೂ ಶಮನವಾಗಬೇಕು. ಯುದ್ಧ ಕಂಡವರೆಲ್ಲರಿಗೂ ಅಲ್ಲ, ಕೆಲವರಿಗೆ ಮಾತ್ರ ಅದು ಶಮನವಾಗದೆ, ದುಃಸ್ವಪ್ನ, ನಿದ್ರಾಹೀನತೆ, ಸಿಡುಕುಗಳು ವರ್ಷಗಟ್ಟಲೆ ಕಾಡುವುದುಂಟು. ಇಂಥ ವ್ಯಥೆಯನ್ನು ಮೊದಲನೆಯ ಮಹಾಯುದ್ಧದಲ್ಲಿ ‘ಶೆಲ್ ಶಾಕ್’ ಎಂದರು. ಹಲವರು ಹೇಡಿತನವೆಂದೂ ಜರೆದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ‘ಆಘಾತೋತ್ತರ ಒತ್ತಡದ ಕಾಯಿಲೆ’ಯನ್ನು ತನ್ನ ರೋಗಪಟ್ಟಿಗೆ ಸೇರಿಸಿತು. ಹೇಡಿತನಕ್ಕೆ ಔಷಧವಿಲ್ಲ, ಕಾಯಿಲೆಗೆ ಉಂಟು. ಕಹಿ ನೆನಪನ್ನು ತಜ್ಞರ ನೆರವಿನಿಂದ ಮೆಲ್ಲಮೆಲ್ಲನೆ ಎದುರಿಸುವ ಮಾತಿನ ಚಿಕಿತ್ಸೆಯೂ ಔಷಧಗಳೂ ಅನೇಕರಿಗೆ ಗುಣ ಕೊಟ್ಟಿವೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯು ಈ ಸೀಮೆಗೆ ದೂರವೇನಲ್ಲ; 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಗುಂಡೇಟಿನ ಕಲೆಯನ್ನು ಗೌರವಿಸುವ ನಾವು ಈ ಗಾಯವನ್ನೇಕೆ ಮುಚ್ಚಿಡಬೇಕು? ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರಿಗೆ ಇದನ್ನು ತಿಳಿಸಿದರೆ, ಅವರು ಕಲಿತ ಶರೀರಶಾಸ್ತ್ರವು ಸಾರ್ಥಕವಾದೀತು.