ರಿಲೇ ಜಾಲಕ್ಕೆ ಆಯ ಕೊಡಬೇಕಾದವರು

ಬಿಟ್‌ಕಾಯಿನ್‌ನಲ್ಲಿ ಯಾರಿಗೂ ಯಾರ ಹಂಗೂ ಇಲ್ಲ ಎಂಬುದು ಅದರ ಅಭಿಮಾನಿಗಳ ಹೆಮ್ಮೆ. ಅದೇ ಬಿಟ್‌ಕಾಯಿನ್‌ನ ಮೈನಿಂಗ್ ಪೂಲ್‌ಗಳು, ಅಂದರೆ ಯಂತ್ರಗಳ ಬಲ ಒಟ್ಟುಗೂಡಿಸಿ ದುಡಿಯುವ ಮೈನರ್‌ಗಳ ಕೂಟಗಳು, ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬ ಮನುಷ್ಯ ನಡೆಸಿದ ಜಾಲದ ಮೇಲೆ ಬ್ಲಾಕ್‌ಗಳನ್ನು ಓಡಿಸಿದವು. ಆ ಜಾಲದ ಖರ್ಚಿಗೆ ಖಾಯಂ ವ್ಯವಸ್ಥೆಯೊಂದನ್ನು ಮಾತ್ರ ಅವು ಮಾಡಲೇ ಇಲ್ಲ.

ಅಮೆರಿಕದ ಪ್ರೋಗ್ರಾಮರ್ ಮ್ಯಾಟ್ ಕೊರಾಲೊ ನಡೆಸಿದ ರಿಲೇ ಜಾಲದ ಕೆಲಸ ಸರಳ. ಒಬ್ಬ ಮೈನರ್‌ಗೆ ಸಿಕ್ಕ ಹೊಸ ಬ್ಲಾಕನ್ನು, ಅಂದರೆ ವಹಿವಾಟುಗಳ ಹೊಸ ಕಂತೆಯನ್ನು, ಭೂಮಿಯ ಇನ್ನೊಂದು ತುದಿಗೆ ಆದಷ್ಟು ಬೇಗ ಮುಟ್ಟಿಸುವುದು, ಅಷ್ಟೇ. ಬ್ಲಾಕ್ ಸಿಗುವುದು ಸರಾಸರಿ 10 ನಿಮಿಷಕ್ಕೊಂದು. ಸುದ್ದಿ ಬರುವ ತನಕ ಉಳಿದವರು ಹಳೆಯ ಬ್ಲಾಕಿನ ಮೇಲೆಯೇ ಕರೆಂಟು ಸುಡುತ್ತಿರುತ್ತಾರೆ. ಕ್ರಿಶ್ಚಿಯನ್ ಡೆಕರ್ ಮತ್ತು ರೋಜರ್ ವಾಟನ್‌ಹೋಫರ್ 2013ರಲ್ಲಿ ಅಳೆದು ನೋಡಿದಾಗ, ಅರ್ಧದಷ್ಟು ನೋಡ್‌ಗಳಿಗೆ (ಬಿಟ್‌ಕಾಯಿನ್ ತಂತ್ರಾಂಶ ನಡೆಸುವ ಕಂಪ್ಯೂಟರ್‌ಗಳಿಗೆ) ಸುದ್ದಿ ಮುಟ್ಟಲು 6.5 ಸೆಕೆಂಡ್ ಬೇಕಾಗಿತ್ತು. 40 ಸೆಕೆಂಡ್ ಕಳೆದರೂ ಶೇ 5ರಷ್ಟು ನೋಡ್‌ಗಳಿಗೆ ಗೊತ್ತೇ ಆಗಿರಲಿಲ್ಲ. 600 ಸೆಕೆಂಡಿನಲ್ಲಿ 6 ಸೆಕೆಂಡ್ ತಡವೆಂದರೆ ನೂರಕ್ಕೆ ಒಂದು ಪಾಲು ದುಡಿಮೆ ನೀರಲ್ಲಿ ಹೋಮ. ದೊಡ್ಡ ಪೂಲಿಗೆ ಈ ನಷ್ಟ ಕಡಿಮೆ. ತಾನೇ ಕಂಡ ಬ್ಲಾಕಿನ ಸುದ್ದಿ ಅದಕ್ಕೆ ಹೊರಗಿನಿಂದ ಬರಬೇಕಿಲ್ಲವಲ್ಲ.

ಇದು ನಮಗೇಕೆ? ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ ಒಬ್ಬ ಹುಡುಗ ಒಂದು ಮೈನಿಂಗ್ ಯಂತ್ರ ಇಟ್ಟ ಎಂದುಕೊಳ್ಳಿ. ಆಂಟ್‌ಮೈನರ್ ಎಸ್19 ಎಳೆಯುವುದು 3,250 ವಾಟ್, ದಿನಕ್ಕೆ 78 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 546 ರೂಪಾಯಿ. ಮೇಲೆ ಕ್ರಿಪ್ಟೊ ಗಳಿಕೆಗೆ 2022ರ ಬಜೆಟ್ಟಿನ ಶೇ 30 ತೆರಿಗೆ. ಮೈನಿಂಗ್‌ಗೆ ಹಾಕಿದ ಮೂಲಸೌಕರ್ಯದ ಖರ್ಚನ್ನು ಕಳೆಯಲು ಬಿಡುವುದಿಲ್ಲ ಎಂದು ಕೇಂದ್ರ ಸರ್ಕಾರ ಅದೇ ವರ್ಷ ಸಂಸತ್ತಿನಲ್ಲೇ ಹೇಳಿದೆ. (ಈ ಲೆಕ್ಕ ನೋಡಿದ ಯಾವ ಅಪ್ಪನೂ ಮಗನಿಗೆ ಸಾಲ ಕೊಡಲಾರ, ಕೊಡಲೂಬಾರದು.) ಇಷ್ಟಾದ ಮೇಲೂ ಹಟ ಹಿಡಿದವನು ಒಂಟಿಯಾಗಿ ಬ್ಲಾಕ್ ಹಿಡಿಯಲಾರ, ಪೂಲ್ ಸೇರಲೇಬೇಕು. ತಡದಿಂದ ಬ್ಲಾಕ್ ಕಡಿಮೆ ಕಳೆದುಕೊಳ್ಳುವ ಪೂಲನ್ನೇ ಹುಡುಕುತ್ತಾನೆ, ಅಂದರೆ ದೊಡ್ಡದನ್ನೇ. ಎಲ್ಲ ದೇಶದ ಚಿಕ್ಕವರೂ ಹೀಗೇ ಲೆಕ್ಕ ಹಾಕುತ್ತಾರೆ. ಫೌಂಡ್ರಿ ಮತ್ತು ಆಂಟ್‌ಪೂಲ್ ಎಂಬ ಎರಡೇ ಪೂಲ್‌ಗಳು ಇತ್ತೀಚಿನ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಬ್ಲಾಕ್‌ಗಳನ್ನು ಬಾಚಿಕೊಂಡಿರುವುದಕ್ಕೆ ಕಾರಣ ಇದೊಂದೇ ಅಲ್ಲ. ಆದರೆ ರಿಲೇ ಜಾಲ ಕುಂಟಿದರೆ ಈ ಕಾರಣ ಬಲಿಯುತ್ತದೆ.

2016ರಲ್ಲಿ ಕೊರಾಲೊ ‘ಫೈಬರ್’ ಎಂಬ ಇನ್ನೂ ಚುರುಕಿನ ಜಾಲ ತಂದರು. ದಾರಿಯಲ್ಲಿ ಕೆಲವು ತುಣುಕು ಕಳೆದುಹೋದರೂ ಮತ್ತೆ ಕೇಳದೆ ಉಳಿದವುಗಳಿಂದಲೇ ಬ್ಲಾಕ್ ಜೋಡಿಸಿಕೊಳ್ಳುವುದು ಅದರ ಜಾಣತನ. ಅದೇ ವರ್ಷ ಬಿಟ್‌ಕಾಯಿನ್ ತಂತ್ರಾಂಶಕ್ಕೇ ‘ಕಾಂಪ್ಯಾಕ್ಟ್ ಬ್ಲಾಕ್’ ಬಂತು: ವಹಿವಾಟುಗಳು ಎದುರಿನವರ ಬಳಿ ಹೇಗೂ ಇರುತ್ತವೆ, ಪೂರ್ತಿ ಬ್ಲಾಕಿನ ಬದಲು ಅವುಗಳ ಗುರುತು ಕಳಿಸಿದರೆ ಸಾಕು. ಇನ್ನು ರಿಲೇ ಜಾಲ ಯಾಕೆ, ಮಾರುಕಟ್ಟೆ ನೋಡಿಕೊಳ್ಳುತ್ತದೆ ಎಂಬ ವಾದ ಬಲ ಪಡೆದದ್ದು ಇದರಿಂದಲೇ.

ಮಾರುಕಟ್ಟೆ ನೋಡಿಕೊಂಡ ಬಗೆ ನೋಡಿ. 2015ರ ಜುಲೈ 4ರಂದು, ಬಂದ ಬ್ಲಾಕ್ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಹೊತ್ತನ್ನೂ ಉಳಿಸಲು ಹೊರಟ ದೊಡ್ಡ ಪೂಲ್‌ಗಳು ಅಸಿಂಧು ಬ್ಲಾಕಿನ ಮೇಲೆ ಬ್ಲಾಕ್ ಪೇರಿಸಿದವು. 6 ಬ್ಲಾಕ್, ಒಂದಕ್ಕೆ 25ರಂತೆ 150 ಬಿಟ್‌ಕಾಯಿನ್ ಬಹುಮಾನ ಕಸದ ಬುಟ್ಟಿಗೆ. ಸೆಕೆಂಡಿಗೆ ಬೆಲೆ ಇದೆ ಎಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆ ಬೆಲೆಯನ್ನು ಎಲ್ಲರಿಗೂ ಆಗುವ ಜಾಲಕ್ಕೆ ಕೊಡಲು ಮಾತ್ರ ಮನಸ್ಸಿರಲಿಲ್ಲ. ಇನ್ನು ಚಂದಾ ಕಟ್ಟಿದವರಿಗೆ ಬೇಗ ಮುಟ್ಟಿಸುವ ಖಾಸಗಿ ಸೇವೆ. ಸುದ್ದಿ ಕೆಲವರಿಗೆ ಮೊದಲು ಸಿಕ್ಕರೆ ಏನಾಗುತ್ತದೆಂದು ಕೆಲವು ದಲ್ಲಾಳಿಗಳಿಗೆ ದರದ ಮಾಹಿತಿ ಮೊದಲು ಸಿಕ್ಕಿತೆಂಬ ಆರೋಪದ ನಮ್ಮ ಷೇರುಪೇಟೆ ಎನ್‌ಎಸ್‌ಇಯ ಕೋ-ಲೊಕೇಷನ್ ಪ್ರಕರಣವೇ ಸಾಕಷ್ಟು ತೋರಿಸಿದೆ.

ಚಿತ್ರದುರ್ಗ ಸೀಮೆಯ ಕೆರೆ ಅಚ್ಚುಕಟ್ಟುಗಳಲ್ಲಿ ತೂಬು ಎತ್ತಿ ಇಳಿಸುವ ನೀರುಗಂಟಿಗೆ ಸಂಬಳ ಕೊಡುತ್ತಿದ್ದವನು ಪಟೇಲನೊಬ್ಬನೇ ಅಲ್ಲ. ನೀರು ಉಂಡ ಪ್ರತಿ ಹೊಲದವನೂ ಸುಗ್ಗಿಯಲ್ಲಿ ಕಣದಿಂದಲೇ ಆಯ ಅಳೆಯುತ್ತಿದ್ದ. ಒಬ್ಬನೇ ಸಾಕಿದ್ದರೆ ತೂಬು ಅವನ ಹೊಲಕ್ಕೇ ಮೊದಲು ಎದ್ದೀತು. ಯಾರೂ ಸಾಕದಿದ್ದರೆ ಕಾಲುವೆ ಕೊನೆಯ ಹೊಲಕ್ಕೆ ನೀರು ಹರಿಯದು.

ರಿಲೇ ಜಾಲಕ್ಕೂ ಈ ಏರ್ಪಾಡೇ ಬೇಕು. 2024ರ ಏಪ್ರಿಲ್‌ನಿಂದ ಬ್ಲಾಕಿಗೆ ಬಹುಮಾನ 3.125 ಬಿಟ್‌ಕಾಯಿನ್, ದಿನಕ್ಕೆ ಸುಮಾರು 144 ಬ್ಲಾಕ್. ಇದರಲ್ಲಿ ಹತ್ತು ಸಾವಿರಕ್ಕೊಂದು ಪಾಲು ತೆಗೆದಿಟ್ಟರೂ ವರ್ಷಕ್ಕೆ 16 ಬಿಟ್‌ಕಾಯಿನ್ ದಾಟುತ್ತದೆ. ಅದನ್ನು ಒಬ್ಬರ ಕೈಗೆ ಕೊಡಕೂಡದು. ಒಬ್ಬರೇ ನಡೆಸುವ ಜಾಲವನ್ನು ಒಂದು ಪೊಲೀಸ್ ನೋಟಿಸೋ ಒಂದು ಕಾಯಿಲೆಯೋ ನಿಲ್ಲಿಸಬಹುದು ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೇರೆ ಬೇರೆ ದೇಶಗಳ ಮೂರು ನಾಲ್ಕು ತಂಡಗಳು ತೆರೆದ ತಂತ್ರಾಂಶದಲ್ಲಿ ಪ್ರತ್ಯೇಕ ಜಾಲ ನಡೆಸಲಿ, ಖರ್ಚಿನ ಲೆಕ್ಕ ಬಯಲಲ್ಲಿರಲಿ, ಬ್ಲಾಕ್ ಎಲ್ಲರಿಗೂ ಒಂದೇ ಹೊತ್ತಿಗೆ ಹೋಗಲಿ.

ಕೊಡದ ಪೂಲಿನ ಸಂಪರ್ಕ ಕಡಿಯಿರಿ ಎನ್ನುವವರಿದ್ದಾರೆ. ಬೇಡ, ಕಡಿದರೆ ತೊಂದರೆ ಅದಕ್ಕೆ ಯಂತ್ರ ಜೋಡಿಸಿದ ಚಿಕ್ಕವರಿಗೆ. ಯಾವ ಪೂಲ್ ಎಷ್ಟು ಕೊಟ್ಟಿತು, ಯಾವುದು ಕೊಡಲಿಲ್ಲ ಎಂದು ತಿಂಗಳು ತಿಂಗಳು ಹೆಸರು ಹಿಡಿದು ಪ್ರಕಟಿಸಿ. ಮೈನರ್ ಪೂಲ್ ಬದಲಿಸಲು ಅರ್ಜಿ, ಶುಲ್ಕ ಏನೂ ಬೇಡ. ಯಂತ್ರದ ಸೆಟ್ಟಿಂಗ್‌ನಲ್ಲಿ ಒಂದು ವಿಳಾಸ ಅಳಿಸಿ ಇನ್ನೊಂದು ಬರೆದರೆ ಆಯಿತು.